ಊರು ನೋಡುವ ಶಾಸ್ತ್ರ

ನಮ್ಮ ಮನೆಯವರು ರಜಕ್ಕೆ ಐರ್ಲೆಂಡಿಗೆ ಹೋಗಿಬರೋಣ ಅಂದ ಕ್ಷಣವೇ ಇದರಲ್ಲಿ ಏನೋ ಇದೆ ಅಂತ ನನಗೆ ಗೊತ್ತಾಯಿತು. ಭಾನುವಾರ ಸಂಜೆ, ನಾವಿರುವ ಅಡಿಲೇಡಿನಲ್ಲಿ, ಸಮುದ್ರದೊಳಕ್ಕೆ ಚಾಚಿದ ಗ್ಲೆನೆಲ್ಗ್‌ನ ಜೆಟ್ಟಿಯ ಮೇಲೆ ನಡೆಯುತ್ತಿದ್ದೆವು. ಮಗಳು ಮುಂದೆ ಸ್ಕೂಟರ್ ತಳ್ಳಿಕೊಂಡು ಹೋಗುತ್ತಿದ್ದಳು. ಇವರು ಸಮುದ್ರದ ಕಡೆ ಮುಖ ಮಾಡಿಕೊಂಡು, ನಾಳೆ ಮಳೆ ಬರುತ್ತದಂತೆ ಅನ್ನುವ ಧಾಟಿಯಲ್ಲಿ ವಿಷಯ ತೆಗೆದರು. ಲೀಟ್ರಿಮ್ ಅಂತ ಒಂದು ಕೌಂಟಿ, ಅಂದರೆ ಜಿಲ್ಲೆ, ಇದೆಯಂತೆ, ಬರೀ ಹಳ್ಳಿಗಾಡಂತೆ. ಕೆರೆ ದಂಡೆಯಲ್ಲಿ ಕೋಟೆ ಇದೆಯಂತೆ, ಪಾಳುಬಿದ್ದ ಮಠ ಇದೆಯಂತೆ, ಜಲಪಾತ, ಬೆಟ್ಟ ಹತ್ತುವ ದಾರಿ ಎಲ್ಲಾ ಇದೆಯಂತೆ. ಅವರು ಒಂದೊಂದೇ ಅಂತೆ ಸೇರಿಸುತ್ತಾ ಹೋದ ಹಾಗೆ ನನ್ನ ಅನುಮಾನ ಗಟ್ಟಿಯಾಗುತ್ತಾ ಹೋಯಿತು. ನೋಡೋಣ ಅಂದೆ.

ಯಾಕೆ ಅಂತ ಹೇಳುತ್ತೇನೆ. ಇವರು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ಮನೆಯ ಕಿಟಕಿ ತೆಗೆದರೆ ಕೋಟೆ. ಎಲ್ಲೆಲ್ಲಿಂದಲೋ ಜನ ಬಸ್ಸು ಮಾಡಿಕೊಂಡು ಬಂದು ನೋಡುವ ಕೋಟೆ. ಮದುವೆಯಾದ ಹೊಸದರಲ್ಲಿ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ ಈ ಮಹಾರಾಯರು ಮೊದಲನೆಯ ಬಾಗಿಲಿನ ಹತ್ತಿರವೇ ಕೂತು ಮಂಡಕ್ಕಿ ಮೆಣಸಿನಕಾಯಿ ತಿಂದು, ಮೇಲೆ ಬರೀ ಕಲ್ಲು, ಬೇಕಾದರೆ ನೀನು ಹೋಗಿ ಬಾ ಅಂದಿದ್ದರು. ನಾನೊಬ್ಬಳೇ ಹತ್ತಿ ಇಳಿದು ಬಂದಿದ್ದೆ. ಅಂಥ ಮನುಷ್ಯನಿಗೆ ಭೂಮಿಯ ಆಚೆ ತುದಿಯ ಕಲ್ಲಿನ ಮೇಲೆ ಇದ್ದಕ್ಕಿದ್ದ ಹಾಗೆ ಪ್ರೀತಿ ಉಕ್ಕಿತು ಅಂದರೆ ಯಾರು ನಂಬುತ್ತಾರೆ? ನಾನಂತೂ ನಂಬಲಿಲ್ಲ.

ಅನುಮಾನ ನನ್ನ ಹುಟ್ಟುಗುಣ ಅಂತ ಇವರು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಾರೆ. ಇರಬಹುದು. ನನ್ನ ಕೆಲಸವೂ ಅಂಥದ್ದೇ. ನಾನು ಪೆಥಾಲಜಿ ಸೆಂಟರಿನಲ್ಲಿ ರಕ್ತ ತೆಗೆಯುವವಳು. ನನಗೇನೂ ಭಯ ಇಲ್ಲ ಅಂತ ನಗುತ್ತಾ ಕೂರುವವರೇ ಸೂಜಿ ಕಂಡ ತಕ್ಷಣ ಕುರ್ಚಿಯಿಂದ ಜಾರುವುದು. ಬೆಳಗ್ಗೆಯಿಂದ ಏನೂ ಬಾಯಿಗೆ ಹಾಕಿಲ್ಲ ಅನ್ನುವವರ ಮೀಸೆಯಲ್ಲೇ ಕಾಫಿಯ ನೊರೆ ಇರುತ್ತದೆ. ಆದರೆ ನಮ್ಮ ಮನೆಯವರ ಮೇಲಿನ ಅನುಮಾನಕ್ಕೂ ನನ್ನ ಹುಟ್ಟುಗುಣಕ್ಕೂ ಸಂಬಂಧವಿಲ್ಲ. ಅದನ್ನು ಅವರೇ ಎರಡು ಊರುಗಳ ಖರ್ಚಿನಲ್ಲಿ ನನಗೆ ಕಲಿಸಿಕೊಟ್ಟರು.

೨೦೧೦ರಲ್ಲಿ ನಾವು ಮೊದಲು ಬಂದಿಳಿದದ್ದು ಪರ್ತ್‌ಗೆ. ಇವರು ಎಲೆಕ್ಟ್ರಿಕಲ್ ಎಂಜಿನಿಯರ್. ಸಿಟಿಯಲ್ಲಿ ಒಂದು ಗಣಿ ಕಂಪನಿಯ ಆಫೀಸಿನಲ್ಲಿ ಕೆಲಸ ಸಿಕ್ಕಿತು. ನನ್ನ ಮೈಸೂರಿನ ಲ್ಯಾಬ್ ಸರ್ಟಿಫಿಕೇಟು ಅಲ್ಲಿ ಯಾರಿಗೂ ಬೇಡವಾಗಿತ್ತು. ಮಗಳು ಹುಟ್ಟಿ ಸ್ವಲ್ಪ ದೊಡ್ಡವಳಾದ ಮೇಲೆ ಮೋರ್ಲಿ ಬಡಾವಣೆಯ ಶಾಪಿಂಗ್ ಸೆಂಟರಿನಲ್ಲಿ ದಿಂಬು, ಬೆಡ್‌ಶೀಟು ಮಾರುವ ಅಂಗಡಿಯಲ್ಲಿ ನಿಂತೆ. ಬೇಸರವೇನೂ ಇರಲಿಲ್ಲ. ಅಂಗಡಿಯಲ್ಲಿ ಗೆಳತಿಯರಾದರು. ಊಟದ ಹೊತ್ತಿಗೆ ನನ್ನ ಚಿತ್ರಾನ್ನಕ್ಕೆ ಕಾಯುವವರಿದ್ದರು. ನನ್ನನ್ನು ಸೂಪರ್‌ವೈಸರ್ ಮಾಡುವ ಮಾತು ಶುರುವಾಗಿತ್ತು, ಅಷ್ಟರಲ್ಲಿ ಇವರು ಬ್ರಿಸ್ಬೇನ್ ಟೂರ್ ತೆಗೆದರು.

ಎಷ್ಟು ಚೆಂದದ ಟೂರ್ ಅಂತೀರಿ! ಕೊವಾಲಾ ತೋರಿಸಿದರು. ನದಿಯ ಮೇಲೆ ಫೆರಿಯಲ್ಲಿ ಕೂರಿಸಿದರು. ಊರ ನಡುವೆ ಮರಳು ಸುರಿದು ಮಾಡಿರುವ ಬೀಚಿನಲ್ಲಿ ಐಸ್‌ಕ್ರೀಂ ಕೊಡಿಸಿದರು. ಹೇಗಿದೆ ಊರು ಅಂತ ಕೇಳಿದರು. ಬಾಯಲ್ಲಿ ಐಸ್‌ಕ್ರೀಂ ಇಟ್ಟುಕೊಂಡು ಚೆನ್ನಾಗಿಲ್ಲ ಅನ್ನುವವರುಂಟೆ? ಚೆನ್ನಾಗಿದೆ ಅಂದೆ. ಎರಡು ತಿಂಗಳು ತುಂಬುವುದರೊಳಗೆ ಗಂಟುಮೂಟೆ ಕಟ್ಟಿ ಬ್ರಿಸ್ಬೇನಿನ ಬಾಡಿಗೆ ಮನೆಯಲ್ಲಿ ಹಾಲು ಉಕ್ಕಿಸುತ್ತಿದ್ದೆ. ಹಳೇ ಫ್ರೆಂಡ್ ಒಬ್ಬನನ್ನು ನೋಡಿ ಬರುತ್ತೇನೆ ಅಂತ ಟೂರಿನ ನಡುವೆ ಅರ್ಧ ದಿನ ಮಾಯವಾಗಿದ್ದರಲ್ಲ, ಅದು ಗ್ಯಾಸ್ ಕಂಪನಿಯ ಇಂಟರ್‌ವ್ಯೂ. ನಾನು ರಂಪ ಮಾಡಿದಾಗ ಇವರು ನಿಜವಾಗಿಯೂ ಆಶ್ಚರ್ಯಪಟ್ಟು, ನೀನೇ ಚೆನ್ನಾಗಿದೆ ಅಂದೆಯಲ್ಲ, ನಿನ್ನನ್ನು ಕೇಳಿಯೇ ತಾನೇ ಮಾಡಿದ್ದು ಅಂದರು.

ಬ್ರಿಸ್ಬೇನಿನಲ್ಲಿ ನಾನು ಹಟ ಹಿಡಿದು ರಕ್ತ ತೆಗೆಯುವ ಕೋರ್ಸ್ ಮುಗಿಸಿದೆ. ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಕರೆ ಬರುವುದರಲ್ಲಿತ್ತು. ಆಗ ಇವರು ಅಡಿಲೇಡ್ ಟೂರ್ ತೆಗೆದರು. ಈ ಸಲ ಟ್ರಾಮ್‌ನಲ್ಲಿ ಬೀಚಿಗೆ ಕರೆದುಕೊಂಡು ಹೋದರು, ಜೆಟ್ಟಿಯ ಮೇಲೆ ಮೀನು ಹಿಡಿಯುವವರನ್ನು ತೋರಿಸಿದರು, ದ್ರಾಕ್ಷಿ ತೋಟ ತೋರಿಸಿದರು. ನಾನು ಮತ್ತೆ ಚೆನ್ನಾಗಿದೆ ಅಂದೆ. ಬುದ್ಧಿ ಬರಲಿಲ್ಲ ನೋಡಿ. ಮಗಳು ಕಿಂಡರ್‌ಗಾರ್ಟನ್ನಿಗೆ ಹೋದದ್ದು ಪರ್ತ್‌ನಲ್ಲಿ, ಒಂದನೇ ಕ್ಲಾಸಿಗೆ ಮುಂಚಿನ ಪ್ರೆಪ್‌ಗೆ ಬ್ರಿಸ್ಬೇನಿನಲ್ಲಿ, ಅದರ ಮುಂದಿನ ಕ್ಲಾಸಿಗೆ ಅಡಿಲೇಡಿನಲ್ಲಿ. ಮೂರನೆಯ ಸ್ಕೂಲಿನ ಮೊದಲ ದಿನ ಅವಳು ಗೇಟಿನ ಕಂಬ ಹಿಡಿದುಕೊಂಡು ಬಿಡಲೇ ಇಲ್ಲ. ಬೆರಳು ಒಂದೊಂದಾಗಿ ಬಿಡಿಸಿದವಳು ನಾನು. ಇವರು ಹೊಸ ಆಫೀಸಿನಲ್ಲಿದ್ದರು.

ಹೆಣ್ಣು ನೋಡುವ ಶಾಸ್ತ್ರ ಇರುತ್ತದಲ್ಲ ನಮ್ಮಲ್ಲಿ, ಇವರದು ಊರು ನೋಡುವ ಶಾಸ್ತ್ರ. ಊರಿಗೆ ಒಳ್ಳೆ ಸೀರೆ ಉಡಿಸಿ, ತಲೆ ಬಾಚಿ, ಕೇಸರಿಬಾತಿನ ತಟ್ಟೆ ಕೊಟ್ಟು ನಮ್ಮ ಮುಂದೆ ನಿಲ್ಲಿಸುತ್ತಾರೆ. ನಾವು ಕೇಸರಿಬಾತು ತಿಂದದ್ದೇ ಒಪ್ಪಿಗೆ. ನನ್ನನ್ನು ಇವರ ಕಡೆಯವರು ನೋಡಿಕೊಂಡು ಹೋದ ದಿನ, ಅವರ ಕಾರು ತಿರುವು ದಾಟಿದ ಮೇಲೆ ನಮ್ಮಪ್ಪ ಅಡುಗೆಮನೆಗೆ ಬಂದು, ನಿನಗೇನನ್ನಿಸ್ತಮ್ಮ, ನೀನು ಹೇಳೋ ತನಕ ನಾನು ಫೋನ್ ಮಾಡಲ್ಲ ಅಂದಿದ್ದರು. ನಾನು ಎರಡು ದಿನ ಯೋಚಿಸಿ ಹೂಂ ಅಂದೆ. ಆ ಎರಡು ದಿನ ಅಪ್ಪ ಫೋನಿನ ಹತ್ತಿರವೂ ಸುಳಿಯಲಿಲ್ಲ. ಮದುವೆಯಾದ ಮೇಲೆ ಅಂಥ ಎರಡು ದಿನಗಳು ನನಗೆ ಮತ್ತೆ ಸಿಗಲಿಲ್ಲ.

ಅಡಿಲೇಡಿನಲ್ಲಿ ಕೊನೆಗೂ ನಾನು ಕಾಲೂರಿದ್ದೆ. ಕೆಲಸ ಪರ್ಮನೆಂಟ್ ಆಗಿತ್ತು. ಕುಂಡದ ಕರಿಬೇವು ನೆಲಕ್ಕೆ ಇಳಿದು ಎದೆಯೆತ್ತರ ಬೆಳೆದಿತ್ತು. ಮಗಳಿಗೆ ಒಬ್ಬಳು ಪ್ರಾಣಸ್ನೇಹಿತೆ ಸಿಕ್ಕಿದ್ದಳು. ಇವರಿಗೂ ಬೆಟ್ಟದ ಮೇಲೆ ಗಾಳಿಯಿಂದ ಕರೆಂಟ್ ತೆಗೆಯುವ ಕಂಪನಿಯಲ್ಲಿ ಒಳ್ಳೆ ಕೆಲಸವೇ ಇತ್ತು. ಇಷ್ಟೆಲ್ಲ ಇರುವಾಗ ೨೦೧೮ರಲ್ಲಿ ಐರ್ಲೆಂಡ್ ಟೂರ್. ಇನ್ನೊಂದು ಸಲ ಡಬ್ಬ ಕಟ್ಟುವುದಕ್ಕೆ ನನ್ನ ಕೈಯಲ್ಲಿ ಆಗುವುದಿಲ್ಲ, ಈ ಸಲ ಕಡ್ಡಿ ಮುರಿದ ಹಾಗೆ ಹೇಳಿಬಿಡಬೇಕು ಅಂತ ನಿರ್ಧಾರ ಮಾಡಿದೆ. ಆದರೆ ಆಪಾದನೆ ಮಾಡಲು ಸಾಕ್ಷಿ ಬೇಕಲ್ಲ. ಬಾಯಿ ಬಿಡಿಸೋಣ ಅಂತ, ಯಾಕೆ ಅಷ್ಟು ದೂರ, ಯಾಕೆ ಅದೇ ಕೌಂಟಿ ಅಂತ ಕೇಳಿದರೆ, ಸುಮ್ಮನೆ, ರಷ್ ಕಡಿಮೆ ಇರುತ್ತೆ ಅಂದರು. ಸುಮ್ಮನೆ ಅನ್ನುವ ಮಾತಿನ ಮೇಲೆ ನನಗೆ ಮೊದಲಿನಿಂದಲೂ ನಂಬಿಕೆಯಿಲ್ಲ.

ಹೊರಡುವ ಮೊದಲು ನನಗೆ ನಾನೇ ಒಂದು ಕಟ್ಟುಪಾಡು ಹಾಕಿಕೊಂಡೆ. ಐರ್ಲೆಂಡಿನ ನೆಲದ ಮೇಲೆ ನಿಂತು ಏನೇ ಕಂಡರೂ ಚೆನ್ನಾಗಿದೆ ಅನ್ನಕೂಡದು. ಮಗಳಿಗೂ ಹೇಳಿದೆ, ಅಪ್ಪನ ಮುಂದೆ ಯಾವುದನ್ನೂ ಜಾಸ್ತಿ ಹೊಗಳಬೇಡ ಪುಟ್ಟಿ ಅಂತ. ಎಂಟು ವರ್ಷದ ಅವಳು ಅನುಮಾನದಲ್ಲಿ ನನ್ನ ಮಗಳೇ. ವೈ, ಆರ್ ವಿ ಮೂವಿಂಗ್ ಅಗೇನ್ ಅಂತ ಕೇಳಿಬಿಟ್ಟಳು. ಇಲ್ಲ ಕಣೇ ಅಂದೆ. ನನ್ನ ದನಿ ನನಗೇ ನಂಬುವ ಹಾಗಿರಲಿಲ್ಲ.

ಡಬ್ಲಿನ್‌ನಿಂದ ಬಾಡಿಗೆ ಕಾರಿನಲ್ಲಿ ಹೊರಟು ಲೀಟ್ರಿಮ್ ತಲುಪಿದಾಗ ಸಣ್ಣ ಮಳೆ ಹನಿಯುತ್ತಿತ್ತು. ನಾವು ಇಳಿದುಕೊಂಡದ್ದು ಒಬ್ಬ ವಯಸ್ಸಾದ ವಿಧವೆಯ ಮನೆಯಲ್ಲಿ. ಮೇಲಿನ ಎರಡು ಕೋಣೆಗಳನ್ನು ಪ್ರವಾಸಿಗಳಿಗೆ ಕೊಟ್ಟು ಬೆಳಗಿನ ತಿಂಡಿ ಮಾಡಿ ಹಾಕುತ್ತಿದ್ದ ಹೆಂಗಸು. ಗುಂಡಗೆ, ಕೆಂಪಗೆ, ಬಾಯಿ ತುಂಬ ಮಾತು. ಮೊದಲ ಬೆಳಗ್ಗೆಯೇ ಬ್ರೆಡ್ಡಿನ ಮೇಲೆ ಬೆಣ್ಣೆ ಹಚ್ಚುತ್ತಾ ಮಗಳು ಎಷ್ಟನೆಯ ಕ್ಲಾಸು ಅಂತ ಕೇಳಿದಳು. ಚರ್ಚಿನ ಪಕ್ಕದ ಸ್ಕೂಲಿನಲ್ಲಿ ಮಕ್ಕಳೇ ಕಡಿಮೆಯಾಗಿದ್ದಾರೆ, ಇಂಥ ಮುದ್ದಾದ ಹುಡುಗಿಯನ್ನು ಕೊಟ್ಟರೆ ಎತ್ತಿಕೊಂಡು ಕುಣಿಯುತ್ತಾರೆ ಅಂದಳು. ನನ್ನ ಕಿವಿ ನೆಟ್ಟಗಾಯಿತು. ಸ್ಕೂಲಿನ ಮಾತು ಈಯಮ್ಮನಿಗೆ ಯಾಕೆ ಬಂತು? ಇವರ ಕಡೆ ನೋಡಿದೆ. ಇವರು ತಟ್ಟೆಯಲ್ಲಿದ್ದ ಮೊಟ್ಟೆಯ ಕಡೆ ನೋಡುತ್ತಿದ್ದರು.

ಮೊದಲ ದಿನ ಪಾಳುಮಠಕ್ಕೆ ಹೋದೆವು. ಸೂರಿಲ್ಲದ ದೊಡ್ಡ ಕಲ್ಲುಗೋಡೆಗಳು, ನಡುವೆ ಹುಲ್ಲು, ಕಮಾನಿನ ಕಿಟಕಿಯಿಂದ ಕೆಳಗೆ ಹೊಳೆ. ಒಂದು ಕಂಬದ ಮೇಲೆ ಹಕ್ಕಿಗಳ ಜೊತೆ ಮಾತಾಡುತ್ತಿರುವ ಸಂತನ ಕೆತ್ತನೆ. ಬಾಗಿಲ ಬಳಿ ನಾನೂ ಮಗಳೂ ಅಭ್ಯಾಸಬಲದಿಂದ ಶೂ ಕಳಚಿಟ್ಟು ಒದ್ದೆ ಹುಲ್ಲಿನ ಮೇಲೆ ನಡೆದೆವು. ಎದುರು ಬಂದ ದಂಪತಿ ನಮ್ಮ ಕಾಲು ನೋಡಿದರು, ಮುಖ ನೋಡಿದರು, ಪಕ್ಕಕ್ಕೆ ಸರಿದು ಹೋದರು. ಸಂತನ ಕಂಬದ ಮುಂದೆ ನಿಂತು ಕೈಮುಗಿದು ಹಿಂದಕ್ಕೆ ಹೆಜ್ಜೆ ಇಟ್ಟ ಮೇಲೆ ಗೊತ್ತಾಯಿತು, ಕಾಲಡಿ ಇರುವ ಹಾಸುಗಲ್ಲುಗಳ ಮೇಲೆಲ್ಲ ಹೆಸರುಗಳಿವೆ. ದೇವಸ್ಥಾನ ಅಂದುಕೊಂಡು ಬರಿಗಾಲಲ್ಲಿ ಹೊಕ್ಕದ್ದು ಸಮಾಧಿಗಳ ಮಧ್ಯಕ್ಕೆ. ನನ್ನ ಜೀವ ಹೋದ ಹಾಗಾಯಿತು.

ಸ್ಮಶಾನಕ್ಕೆ ಹೋಗಿ ಬಂದ ಮೇಲೆ ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಏನನ್ನೂ ಮುಟ್ಟುವಂತಿಲ್ಲ. ವಿದೇಶಕ್ಕೆ ಬಂದು ಬಿಟ್ಟ ಆಚಾರಗಳು ಬೇಕಾದಷ್ಟಿವೆ, ಇದೊಂದು ಬಿಟ್ಟಿರಲಿಲ್ಲ. ಮನೆಗೆ ಬಂದವಳೇ ಮೂವರಿಗೂ ಸ್ನಾನ ಮಾಡಿಸಿದೆ. ಮರುದಿನ ಇನ್ನೊಂದು ಪಾಳು ಚರ್ಚು, ಅಲ್ಲೂ ಸಮಾಧಿ. ಅದರ ಮರುದಿನ ಕೆರೆ ದಂಡೆಯ ಕೋಟೆ, ಸದ್ಯ ಇಲ್ಲಿಲ್ಲ ಅಂದುಕೊಂಡರೆ ವಾಪಸು ಬರುವ ದಾರಿಯಲ್ಲಿ ಇವರು ಕಲ್ಲಿನ ಶಿಲುಬೆ ನೋಡೋಣ ಅಂತ ಇಳಿಸಿದ್ದು ಸಮಾಧಿಗಳ ನಡುವೆಯೇ. ಆ ಕೌಂಟಿಯಲ್ಲಿ ಹಳೆಯದು ಏನೇ ಇದ್ದರೂ ಅದರ ಸುತ್ತ ಜನರನ್ನು ಮಲಗಿಸಿದ್ದಾರೆ. ಬೆಳಗ್ಗೆ ಒಂದು, ಸಂಜೆ ಒಂದು, ತಲೆಸ್ನಾನದ ಮೇಲೆ ತಲೆಸ್ನಾನ. ಮನೆಯೊಡತಿಯ ಬಿಸಿನೀರು ದಿನವೂ ಖಾಲಿಯಾಗುತ್ತಿತ್ತು. ಕೊನೆಗೆ ಆಕೆ ನನ್ನನ್ನು ಪಕ್ಕಕ್ಕೆ ಕರೆದು, ಏನಾದರೂ ಚರ್ಮದ ತೊಂದರೆಯೇ, ಹೇಳಿಕೊಳ್ಳಲು ಸಂಕೋಚ ಬೇಡ ಅಂದಳು. ನಾನು ಆಕೆಯನ್ನು ಅನುಮಾನಿಸುತ್ತಿದ್ದರೆ ಆಕೆ ನಮ್ಮನ್ನು ಅನುಮಾನಿಸುತ್ತಿದ್ದಳು. ವಿಷಯ ವಿವರಿಸಿದ ಮೇಲೆ ಬಿದ್ದು ಬಿದ್ದು ನಕ್ಕು, ಅಂದಿನಿಂದ ನಾವು ಬರುವ ಹೊತ್ತಿಗೆ ನೀರು ಕಾಯಿಸಿ ಇಡುತ್ತಿದ್ದಳು.

ಇಷ್ಟರ ನಡುವೆಯೂ ನನ್ನ ಕಣ್ಣು ಇವರ ಮೇಲೇ ಇತ್ತು. ನಾವು ಕೋಟೆ ನೋಡುತ್ತಿದ್ದರೆ ಇವರು ಕೋಟೆಯ ಆಚೆ ನೋಡುತ್ತಿದ್ದರು. ಜಲಪಾತದ ಮುಂದೆ ನಿಲ್ಲಿಸಿ ಫೋಟೋ ತೆಗೆಯಿರಿ ಅಂದರೆ ಒಂದು ತೆಗೆದು ಬೆನ್ನು ತಿರುಗಿಸಿ ನಿಂತರು. ಅವರು ನೋಡುತ್ತಿದ್ದ ಕಡೆ ನಾನೂ ನೋಡಿದೆ. ದೂರದ ಗುಡ್ಡದ ನೆತ್ತಿಯ ಮೇಲೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಚಿತ್ರದುರ್ಗದ ಕಡೆ ಬಸ್ಸಿನಲ್ಲಿ ಹೋಗುವವರು ಫ್ಯಾನು ಅನ್ನುತ್ತಾರಲ್ಲ, ಅವೇ. ಓಹೋ, ಇದೋ ಸಮಾಚಾರ ಅಂದುಕೊಂಡೆ. ಕೋಟೆಯೂ ಅಲ್ಲ, ಮಠವೂ ಅಲ್ಲ. ಮಗಳು ಮಾತ್ರ ಜಲಪಾತಕ್ಕೆ ಮನಸೋತು ಅಮೇಜಿಂಗ್ ಅಂತ ಕೂಗಿದಳು. ನಾನು ಅವಳ ಜಡೆ ಸರಿಮಾಡುವ ನೆಪದಲ್ಲಿ ಒಂದು ಸಲ ಎಳೆದೆ.

ಒಂದು ವಿಷಯ ಮಾತ್ರ ಲೆಕ್ಕಕ್ಕೆ ಸಿಗುತ್ತಿರಲಿಲ್ಲ. ಬ್ರಿಸ್ಬೇನಿನಲ್ಲೂ ಅಡಿಲೇಡಿನಲ್ಲೂ ಇವರು ಬಾಡಿಗೆಗಿದೆ ಅನ್ನುವ ಬೋರ್ಡು ಕಂಡರೆ ಕಾರು ನಿಧಾನ ಮಾಡುತ್ತಿದ್ದರು. ಇಲ್ಲಿ ಮಾಡಲಿಲ್ಲ. ಫ್ರೆಂಡನ್ನು ನೋಡಿ ಬರುತ್ತೇನೆ ಅಂತ ಮಾಯವಾಗಲೂ ಇಲ್ಲ. ಫೋನ್ ಬಂದರೆ ನಮ್ಮ ಮುಂದೆಯೇ ಎತ್ತುತ್ತಿದ್ದರು. ಪಕ್ಕಾ ಆಗಿದ್ದಾರೆ, ಈ ಸಲ ಗುರುತು ಬಿಡಬಾರದು ಅಂತ ಪಾಠ ಕಲಿತಿದ್ದಾರೆ ಅಂದುಕೊಂಡೆ. ಅವರು ನೋಡದಿದ್ದರೇನು, ನಾನೇ ನೋಡುತ್ತೇನೆ ಅಂತ ಹೊರಟೆ. ಜಗಳಕ್ಕೆ ಕೂರುವಾಗ ಈ ಊರಿನ ಹುಳುಕೆಲ್ಲ ನನ್ನ ನಾಲಗೆಯ ತುದಿಯಲ್ಲಿರಬೇಕಿತ್ತು.

ಇವರು ಮಧ್ಯಾಹ್ನ ಮಲಗಿದಾಗ ಮಗಳನ್ನು ಕರೆದುಕೊಂಡು ಊರಿನ ಒಂದೇ ಬೀದಿಯಲ್ಲಿ ಅಡ್ಡಾಡಿದೆ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಸಿಗುವುದಿಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಹೋದರೆ ಸೊಪ್ಪೂ ಇತ್ತು, ಹಸಿಮೆಣಸಿನಕಾಯಿಯೂ ಇತ್ತು. ಸ್ಕೂಲಿನ ಅಂಗಳ ಪುಟ್ಟದು ಅಂತ ಹಳಿಯಲು ಹೋದರೆ ಹಿಂದೆ ಹೊಳೆಯ ತನಕ ಬಯಲು. ರಜವಾದರೂ ನಾಲ್ಕು ಮಕ್ಕಳು ಅಲ್ಲಿ ಚೆಂಡಾಡುತ್ತಿದ್ದರು. ನನ್ನ ಮಗಳನ್ನು ಯಾರೂ ಕರೆಯುವ ಮೊದಲೇ ಅವಳು ಆಟದೊಳಗೆ ಇದ್ದಳು. ಆರೋಗ್ಯ ಕೇಂದ್ರದ ಬಾಗಿಲಿಗೆ ವಾರದಲ್ಲಿ ಯಾವ ದಿನ ರಕ್ತ ತೆಗೆಯುತ್ತಾರೆ ಅಂತ ಬರೆದು ಅಂಟಿಸಿದ್ದರು. ಅದನ್ನು ಎರಡು ಸಲ ಓದಿದೆ. ಹಳದಿ ಬಾಗಿಲಿನ ಒಂದು ಖಾಲಿ ಮನೆಯ ಮುಂದೆ ನಿಂತು, ಇಷ್ಟು ಮಳೆಯಲ್ಲಿ ಬಟ್ಟೆ ಎಲ್ಲಿ ಒಣಗಿಸುವುದು ಅಂತ ಕೇಳಿಕೊಂಡೆ. ಆಮೇಲೆ ಹಿತ್ತಲಿನ ಕಡೆ ಇಣುಕಿ, ಶೆಡ್ಡಿನಲ್ಲಿ ತಂತಿ ಕಟ್ಟಿದರೆ ಆಗಬಹುದು ಅಂದುಕೊಂಡೆ. ಇದೆಲ್ಲ ತನಿಖೆಗೆ ಅಂತಲೇ ನಾನು ಅಂದುಕೊಂಡಿದ್ದೆ. ಸಂಜೆ ಎಲ್ಲಿ ಹೋಗಿದ್ದಿರಿ ಅಂತ ಇವರು ಕೇಳಿದಾಗ, ಎಲ್ಲೂ ಇಲ್ಲ, ಸುಮ್ಮನೆ ಅಂದೆ.

ಹೊರಡುವ ಹಿಂದಿನ ದಿನ ಮನೆಯೊಡತಿ ಒಂದು ಜಾಗ ಹೇಳಿದಳು. ಸಮಾಧಿ ಇಲ್ಲದ ಹಳೇ ಜಾಗ, ಸ್ನಾನದ ಗಲಾಟೆ ಇರುವುದಿಲ್ಲ ಅಂತ ಕಣ್ಣು ಮಿಟುಕಿಸಿದಳು. ಅದು ಬೆವರುಮನೆ. ಒಬ್ಬ ರೈತನ ಹೊಲದ ಅಂಚಿನಲ್ಲಿ, ತೊರೆಯ ಪಕ್ಕ, ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಒತ್ತಿ ಕಟ್ಟಿದ ಗುಡಿಸಲು. ಮೇಲೆ ಮಣ್ಣು, ಹುಲ್ಲು ಬೆಳೆದು ದೂರದಿಂದ ನೋಡಿದರೆ ಸಣ್ಣ ದಿಬ್ಬ. ಬಾಗಿಲು ನಾಯಿಗೂಡಿನ ಬಾಗಿಲಿಗಿಂತ ತುಸು ದೊಡ್ಡದು, ತೆವಳಿಕೊಂಡೇ ಹೋಗಬೇಕು. ಹಿಂದೆ ಮೈಕೈ ನೋವಿಗೆ ಇದೇ ಔಷಧಿಯಂತೆ. ಒಳಗೆ ಬೆಂಕಿ ಹಾಕಿ ಕಲ್ಲೆಲ್ಲ ಕಾದ ಮೇಲೆ ಬೂದಿ ಗುಡಿಸಿ ತೆಗೆದು, ಜೊಂಡು ಹಾಸಿ, ನೋವಿನವರು ಒಳಗೆ ತೆವಳಿ ಬಾಗಿಲು ಮುಚ್ಚಿಕೊಳ್ಳುತ್ತಿದ್ದರಂತೆ. ಬೆವರು ಸುರಿದು ಸಾಕಾದ ಮೇಲೆ ಹೊರಬಂದು ತೊರೆಯಲ್ಲಿ ಮುಳುಗುವುದು. ರೈತನ ಹೆಂಡತಿ ಇಷ್ಟೂ ಹೇಳಿ, ಕರು ತೋರಿಸುತ್ತೇನೆ ಅಂತ ಮಗಳನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಆಕೆ ಅತ್ತ ಹೋದಳು, ಇತ್ತ ಮಳೆ ಧೋ ಅಂತ ಸುರಿಯಿತು. ಓಡುವಷ್ಟು ಹತ್ತಿರದಲ್ಲಿ ಏನೂ ಇರಲಿಲ್ಲ. ಇಬ್ಬರೂ ಮಂಡಿಯೂರಿ ಒಳಗೆ ತೂರಿಕೊಂಡೆವು.

ಒಳಗೆ ಕಪ್ಪುಗತ್ತಲು, ತಣ್ಣನೆಯ ಮಣ್ಣಿನ ವಾಸನೆ. ಇವರ ಮಂಡಿ ನನ್ನ ಮಂಡಿಗೆ ತಾಗುತ್ತಿತ್ತು. ಒಂದು ಹನಿಯೂ ಸೋರುತ್ತಿರಲಿಲ್ಲ. ಬಾಗಿಲ ಕಿಂಡಿಯಿಂದ ಹೊಲ ಕಾಣುತ್ತಿತ್ತು, ಹೊಲದಾಚೆ ಗುಡ್ಡ, ಗುಡ್ಡದ ಮೇಲೆ ಮಳೆಯಲ್ಲಿ ಮಸುಕಾಗಿ ತಿರುಗುತ್ತಿರುವ ಫ್ಯಾನುಗಳು. ಇವರು ಬಗ್ಗಿ ಅದನ್ನೇ ನೋಡುತ್ತಿದ್ದರು. ಹೊರಗೆ ಹೋಗಲು ದಾರಿಯಿಲ್ಲ, ಫೋನ್ ಸಿಗುವುದಿಲ್ಲ, ಮಗಳಿಲ್ಲ. ನನಗೆ ಇಂಥ ಜಾಗ ಮತ್ತೆ ಸಿಗುವುದಿಲ್ಲ ಅನ್ನಿಸಿತು.

"ಸುತ್ತಿ ಬಳಸಿ ಬೇಡ. ಯಾವಾಗ ಜಾಯಿನ್ ಆಗ್ಬೇಕು, ಹೇಳಿಬಿಡಿ," ಎಂದೆ.

ಇವರು ತಿರುಗಿ ನನ್ನನ್ನು ನೋಡಿದರು. ಕಾಗೆ ಹಾರಿಸುತ್ತಾರೆ ಅಂತ ಕಾದೆ. ಹಾರಿಸಲಿಲ್ಲ.

"ಆಗಲ್ಲ ಕಣೆ. ಬೇಡ ಅಂತ ಹೇಳಿಬಿಟ್ಟೆ," ಎಂದರು.

ಆಮೇಲೆ ನಿಧಾನವಾಗಿ ಎಲ್ಲ ಹೊರಗೆ ಬಂತು. ಆ ಗುಡ್ಡದ ಮೇಲಿನ ಫ್ಯಾನುಗಳ ಕಂಪನಿಯವರೇ ಬೇಸಿಗೆಯ ಕೊನೆಗೆ ಇವರನ್ನು ಹುಡುಕಿಕೊಂಡು ಫೋನ್ ಮಾಡಿದ್ದರಂತೆ. ಯಾರ ಕೈಕೆಳಗೂ ಅಲ್ಲ, ಇಡೀ ಗುಡ್ಡದ ಜವಾಬ್ದಾರಿ ಇವರದೇ. ಕಾಲೇಜಿನಲ್ಲಿದ್ದಾಗಿನಿಂದ ಇಂಥದ್ದೊಂದು ಕೆಲಸ ಮಾಡಬೇಕು ಅಂತ ಇತ್ತಂತೆ. ಹತ್ತು ವರ್ಷದ ಸಂಸಾರದಲ್ಲಿ ಆ ಆಸೆಯನ್ನು ನಾನು ಕೇಳಿದ್ದು ಅದೇ ಮೊದಲು. ಮಾತುಕತೆಯೆಲ್ಲ ಮುಗಿದು ಹೂಂ ಅನ್ನುವುದೊಂದೇ ಬಾಕಿ ಇದ್ದಾಗ, ನಾನು ಎರಡು ಸಲ ಡಬ್ಬ ಕಟ್ಟಿದ್ದು, ಮಗಳು ಗೇಟಿನ ಕಂಬ ಹಿಡಿದದ್ದು, ನನ್ನ ಕೆಲಸ ಪರ್ಮನೆಂಟ್ ಆದದ್ದು ಎಲ್ಲ ನೆನಪಾಗಿ, ಬರಲು ಆಗುವುದಿಲ್ಲ ಅಂದುಬಿಟ್ಟರಂತೆ. ನನ್ನ ಹೆಂಡತಿಗೆ ಇಷ್ಟವಿಲ್ಲ ಅಂತ ಹೇಳಿದರಂತೆ. ಇದಾಗಿ ಎರಡು ವಾರಕ್ಕೆ ಟೂರಿನ ಟಿಕೆಟ್ ತೆಗೆದದ್ದು.

ಮತ್ತೆ ಇಲ್ಲಿಗೆ ಯಾಕೆ ಕರೆದುಕೊಂಡು ಬಂದಿರಿ ಅಂತ ಕೇಳಿದೆ. ಇವರು ಕಿಂಡಿಯ ಕಡೆ ತಿರುಗಿದರು.

"ಬಂದಿದ್ರೆ ಹೇಗಿರ್ತಿತ್ತು ಅಂತ ಒಂದ್ಸಲ ನೋಡ್ಬೇಕು ಅನ್ನಿಸ್ತು. ಅಷ್ಟೇ."

ಬದುಕಿದೆ ಅನ್ನಿಸಬೇಕಿತ್ತು. ಅರೆಗಳಿಗೆ ಅನ್ನಿಸಿತು ಕೂಡ. ಡಬ್ಬ ಕಟ್ಟುವುದಿಲ್ಲ, ಸ್ಕೂಲು ಬಿಡಿಸುವುದಿಲ್ಲ, ಜಗಳಕ್ಕೆ ಅಂತ ಕೂಡಿಟ್ಟದ್ದೆಲ್ಲ ಬೇಕಾಗಲೇ ಇಲ್ಲ. ಪಾಪ, ನನಗೋಸ್ಕರ ಆಸೆಯ ಕೆಲಸ ಬಿಟ್ಟುಬಂದಿದ್ದಾರೆ, ನಾನು ಕಳ್ಳನನ್ನು ಕಾದ ಹಾಗೆ ಕಾದೆ ಅನ್ನಿಸಿ ಅವರ ಮಂಡಿಯ ಮೇಲೆ ಕೈ ಇಡಲು ಹೋದೆ. ಅಷ್ಟರಲ್ಲಿ ಎಲ್ಲಿತ್ತೋ ಸಿಟ್ಟು, ಕಾಲಿನಿಂದ ನೆತ್ತಿಗೆ ಏರಿತು. ನನ್ನ ಹೆಂಡತಿಗೆ ಇಷ್ಟವಿಲ್ಲ! ಆ ಮಾತು ಅವರು ಅಂದ ದಿನ ಹೆಂಡತಿ ಎಲ್ಲಿದ್ದಳು? ಅಡಿಲೇಡಿನಲ್ಲಿ ಯಾರದೋ ತೋಳಿಗೆ ಪಟ್ಟಿ ಬಿಗಿಯುತ್ತಾ, ಏನೂ ಗೊತ್ತಿಲ್ಲದೆ ನಿಂತಿದ್ದಳು.

"ನನ್ನನ್ನ ಕೇಳಿದ್ರಾ?" ಎಂದೆ.

ಇವರಿಗೆ ಅರ್ಥವಾಗಲಿಲ್ಲ. ಇದೊಳ್ಳೆ ಕಥೆ, ನಿನಗೋಸ್ಕರ ತಾನೇ ಬೇಡ ಅಂದದ್ದು ಅಂದರು. ನೀನು ಬೇಡ ಅಂತೀಯ ಅಂತ ನನಗೆ ಗೊತ್ತಿರಲಿಲ್ಲವೇ ಅಂದರು. ಬಂದಾಗಿನಿಂದ ಒಂದು ದಿನವಾದರೂ ಇಲ್ಲಿಯದನ್ನು ಚೆನ್ನಾಗಿದೆ ಅಂದೆಯಾ, ನಾನು ಅಂದುಕೊಂಡದ್ದೇ ಸರಿಯಾಯಿತು ಅಂತಲೂ ಸೇರಿಸಿದರು.

"ಬ್ರಿಸ್ಬೇನಿಗೆ ಹೂಂ ಅಂದಿದ್ದೂ ನೀವೇ. ಅಡಿಲೇಡಿಗೆ ಹೂಂ ಅಂದಿದ್ದೂ ನೀವೇ. ಇದಕ್ಕೆ ಬೇಡ ಅಂದಿದ್ದೂ ನೀವೇ, ಅದೂ ನನ್ನ ಹೆಸರು ಹೇಳ್ಕೊಂಡು. ನಾನು ಮಾತಾಡೋದು ಯಾವಾಗ ರೀ?"

ನನ್ನ ದನಿ ಆ ಕಲ್ಲುಗೂಡಿನಲ್ಲಿ ನನಗೇ ಜೋರಾಗಿ ಕೇಳಿಸಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇವರು ಜಗಳಕ್ಕೆ ಬರಲಿಲ್ಲ. ನೆಲದ ಮೇಲಿದ್ದ ಒಂದು ಕಲ್ಲುಚೂರನ್ನು ಹೊರಳಿಸುತ್ತಾ ಕೂತರು. ಹೊರಗೆ ಮಳೆ ಸಣ್ಣಗಾಗುತ್ತಾ ಬಂತು. ಕೊಟ್ಟಿಗೆಯ ಕಡೆಯಿಂದ ಮಗಳು ನಗುವುದು ಕೇಳಿಸುತ್ತಿತ್ತು. ಇವರು ತಲೆ ಎತ್ತಿದರು.

"ಕೇಳಿದ್ದಿದ್ರೆ ಏನಂತಿದ್ದೆ?"

ಬೇಡ ಅಂತಿದ್ದೆ ಅನ್ನಲು ಬಾಯಿ ತೆರೆದೆ. ಅದು ಬರಲಿಲ್ಲ. ಬರ್ತಿದ್ದೆ ಅನ್ನಲು ಹೋದೆ, ಅದೂ ಬರಲಿಲ್ಲ. ಇವರು ಈ ಸಲ ನಿಜವಾಗಿಯೂ ಕಾಯುತ್ತಿದ್ದರು. ಆ ಕೆಲಸ ಅಷ್ಟರಲ್ಲಿ ಬೇರೆ ಯಾರಿಗೋ ಹೋಗಿತ್ತು.

"ಗೊತ್ತಿಲ್ಲ ರೀ," ಎಂದೆ. "ನಂಗೆ ಯೋಚನೆ ಮಾಡೋಕೆ ಬಿಡಲೇ ಇಲ್ವಲ್ಲ ನೀವು."